ಇಳಿದ ತೂಕ, ಉಳಿಯಬೇಕಾದ ಬಲ

ಸ್ಥೂಲಕಾಯವನ್ನು ಕರಗಿಸುವ ಬಗೆಯನ್ನು ಕುರಿತು ಇಂದು ಎಲ್ಲೆಡೆಯೂ ಉಪದೇಶ ದೊರೆಯುತ್ತದೆ. ಕರಗಿಸಿದ ಮೇಲೆ ಏನು ಮಾಡಬೇಕೆಂಬುದನ್ನು ಹೇಳುವವರು ವಿರಳ. ಅರವತ್ತರ ಆಸುಪಾಸಿನಲ್ಲಿರುವ ಅನೇಕರು ಪಥ್ಯದಿಂದಲೋ, ನಡಿಗೆಯಿಂದಲೋ, ಶಸ್ತ್ರಚಿಕಿತ್ಸೆಯಿಂದಲೋ, ಈಚೆಗೆ ಬಳಕೆಗೆ ಬಂದಿರುವ ಚುಚ್ಚುಮದ್ದಿನಿಂದಲೋ ಇಪ್ಪತ್ತು ಮೂವತ್ತು ಕಿಲೋ ಇಳಿಸಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಅವರ ಸಾಧನೆ ಸಾಮಾನ್ಯವಾದುದಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿದಿರುತ್ತಾರೆ. ಕೆಲವರು "ಇನ್ನೂ ಐದು ಕಿಲೋ ಇಳಿಯಲಿ" ಎಂದು ಉಪವಾಸವನ್ನು ಮುಂದುವರಿಸುತ್ತಾರೆ. ಮತ್ತೆ ಕೆಲವರು "ಗುರಿ ಮುಟ್ಟಿತು" ಎಂದು ಎಲ್ಲ ನಿಯಮಗಳನ್ನೂ ಒಮ್ಮೆಗೇ ಬಿಟ್ಟುಬಿಡುತ್ತಾರೆ. ಮೊದಲನೆಯವರು ದುರ್ಬಲರಾಗುತ್ತಾರೆ, ಎರಡನೆಯವರಲ್ಲಿ ಹೋದ ತೂಕ ಮರಳಿ ಬರುತ್ತದೆ.

ಇವೆರಡೂ ಅಲ್ಲದ ಮೂರನೆಯ ದಾರಿಯೊಂದುಂಟು. ತೂಕ ಇಳಿಸುವ ಸಂಕಲ್ಪವನ್ನು ಅಲ್ಲಿಗೆ ಮುಗಿಸಿ, ಬಲವನ್ನು ಗಳಿಸುವ ಹೊಸ ಸಂಕಲ್ಪವನ್ನು ಕೈಗೊಳ್ಳುವುದೇ ಆ ದಾರಿ. ಈ ಹೊಸ ಗುರಿಯನ್ನು ತಕ್ಕಡಿಯಿಂದ ಅಳೆಯಲಾಗದು. ದೇಹವು ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಸಹಿಸಬಲ್ಲದು ಎಂಬುದರಿಂದಲೇ ಅದನ್ನು ಅಳೆಯಬೇಕು. ಈ ಪಾಠದಲ್ಲಿ ಅದರ ಕಾರಣವನ್ನೂ ಕ್ರಮವನ್ನೂ ವಿವರಿಸಲು ಪ್ರಯತ್ನಿಸುತ್ತೇವೆ.

ಶಾಸ್ತ್ರವು ಹೊಗಳುವ ದೇಹ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಅಲ್ಲಿ ಎಣಿಸಲಾದ ಎಂಟು ಬಗೆಯ ದೇಹಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ಆಚಾರ್ಯರು ಚಿಕಿತ್ಸೆಯ ದೃಷ್ಟಿಯಿಂದ ವಿಸ್ತಾರವಾಗಿ ವಿಚಾರಿಸಿದ್ದಾರೆ. ಸ್ಥೂಲನಲ್ಲಿ ಮೇದೋಧಾತುವೊಂದೇ ಬೆಳೆಯುತ್ತದೆ, ಉಳಿದ ಧಾತುಗಳಿಗೆ ತಕ್ಕ ಪೋಷಣೆ ದೊರೆಯುವುದಿಲ್ಲ. ಆದುದರಿಂದಲೇ ದೊಡ್ಡ ದೇಹವಿದ್ದರೂ ಅವನು ದುರ್ಬಲನೆಂದು ಅವರು ಹೇಳುತ್ತಾರೆ. ಹಾಗೆಂದು ಅತಿಕೃಶತೆಯನ್ನು ಅವರು ಆದರ್ಶವೆನ್ನಲಿಲ್ಲ. ಎರಡರಲ್ಲಿ ಕೃಶತೆಯ ಚಿಕಿತ್ಸೆ ಸುಲಭವೆಂದಷ್ಟೇ ಹೇಳಿ, ಅದನ್ನೂ ನಿಂದಿತವೆಂದೇ ಪರಿಗಣಿಸಿದರು.

ಅವರು ಹೊಗಳಿದ್ದು ಮಾಂಸವು ಸಮಪ್ರಮಾಣದಲ್ಲಿದ್ದು ಅಂಗಾಂಗಗಳು ಬಿಗಿಯಾಗಿ ಕೂಡಿಕೊಂಡಿರುವ ದೇಹವನ್ನು. ಅಂಥವನು ಹಸಿವು, ಬಾಯಾರಿಕೆ, ಬಿಸಿಲು, ಚಳಿ, ವ್ಯಾಯಾಮ ಇವೆಲ್ಲವನ್ನೂ ಸಹಿಸಬಲ್ಲನು. ಅವನ ಜಠರಾಗ್ನಿ ಸಮವಾಗಿರುವುದು. ರೋಗವು ಅವನನ್ನು ಸುಲಭವಾಗಿ ಸೋಲಿಸಲಾರದು. ಈ ಲಕ್ಷಣಗಳಲ್ಲಿ ಎಲ್ಲಿಯೂ ತೂಕದ ಅಂಕೆಯಿಲ್ಲವೆಂಬುದನ್ನು ಗಮನಿಸಬೇಕು. ದೇಹದ ಯೋಗ್ಯತೆಯನ್ನು ಅಲ್ಲಿ ಅದರ ಸಹನಶಕ್ತಿಯಿಂದ ನಿರ್ಣಯಿಸಲಾಗಿದೆ. ತೂಕ ಇಳಿಸಿಕೊಂಡವರು ಅರ್ಧ ದಾರಿಯನ್ನು ಕ್ರಮಿಸಿದ್ದಾರೆ. ಸಮಮಾಂಸದ ಕಡೆಗೆ ಸಾಗುವುದು ಉಳಿದ ಅರ್ಧ ದಾರಿ.

ಕೊಬ್ಬಿನೊಡನೆ ಕರಗುವ ಮಾಂಸ

ತೂಕ ಇಳಿಯುವಾಗ ಮೇದಸ್ಸು ಮಾತ್ರವೇ ಕರಗುತ್ತದೆಂಬುದು ಜನಸಾಮಾನ್ಯರ ನಂಬಿಕೆ. ವಾಸ್ತವದಲ್ಲಿ, ಆಹಾರವನ್ನು ಕಡಿಮೆ ಮಾಡಿಯೇ ತೂಕ ಇಳಿಸಿದಾಗ, ಇಳಿದುದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವಾಗಿರುತ್ತದೆ. ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಮೂವತ್ತು ವಯಸ್ಸಿನವರಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಅರವತ್ತು ದಾಟಿದವರಲ್ಲಿ ಸ್ನಾಯು ತಾನಾಗಿಯೇ ವರ್ಷದಿಂದ ವರ್ಷಕ್ಕೆ ಕ್ಷಯಿಸುತ್ತಿರುತ್ತದೆ. ಈ ವಯೋಸಹಜ ಕ್ಷಯಕ್ಕೆ ಆಧುನಿಕ ವೈದ್ಯವು 1989ರಲ್ಲಿ ಸಾರ್ಕೋಪೀನಿಯ ಎಂದು ಹೆಸರಿಟ್ಟಿತು. ಚರಕರು ಅರವತ್ತರ ಅನಂತರದ ವಯಸ್ಸನ್ನು ಜೀರ್ಣವೆಂದು ಕರೆದು, ಅಲ್ಲಿ ವಾತವು ಪ್ರಬಲವಾಗಿ ಧಾತುಗಳು ಕುಗ್ಗುವುವೆಂದು ಹೇಳಿದುದೂ ಇದನ್ನೇ. ವಯಸ್ಸಿನ ಕ್ಷಯದ ಮೇಲೆ ಪಥ್ಯದ ಕ್ಷಯವೂ ಸೇರಿದರೆ ತೆಳುವಾದ, ಆದರೆ ತ್ರಾಣವಿಲ್ಲದ ದೇಹ ಉಳಿಯುತ್ತದೆ.

2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಮಾತನ್ನು ಸ್ಪಷ್ಟಗೊಳಿಸುತ್ತದೆ. 65 ವರ್ಷ ಮೇಲ್ಪಟ್ಟ 107 ಮಂದಿ ಸ್ಥೂಲಕಾಯರನ್ನು ಒಂದು ವರ್ಷ ಕಾಲ ಪರಿಶೀಲಿಸಲಾಯಿತು. ಒಂದು ಗುಂಪಿಗೆ ಪಥ್ಯ ಮಾತ್ರ, ಇನ್ನೊಂದಕ್ಕೆ ವ್ಯಾಯಾಮ ಮಾತ್ರ, ಮತ್ತೊಂದಕ್ಕೆ ಎರಡೂ, ಉಳಿದ ಗುಂಪಿಗೆ ಯಾವುದೂ ಇಲ್ಲ. ಪಥ್ಯದ ಗುಂಪಿನವರೂ ಎರಡನ್ನೂ ಮಾಡಿದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅಂದರೆ ಶೇಕಡಾ 9-10ರಷ್ಟು ತೂಕ ಇಳಿಸಿಕೊಂಡರು. ತಕ್ಕಡಿಯ ಮುಂದೆ ಇಬ್ಬರೂ ಸಮಾನರು. ಆದರೆ ಪಥ್ಯವನ್ನಷ್ಟೇ ಮಾಡಿದವರು ಕೊಬ್ಬಲ್ಲದ ಅಂಶದಲ್ಲಿ ಶೇಕಡಾ 5ರಷ್ಟನ್ನು ಕಳೆದುಕೊಂಡರೆ, ವ್ಯಾಯಾಮವನ್ನೂ ಕೂಡಿಸಿಕೊಂಡವರು ಶೇಕಡಾ 3ರಷ್ಟನ್ನು ಮಾತ್ರ ಕಳೆದುಕೊಂಡರು. ಸೊಂಟದ ಮೂಳೆಯ ಸಾಂದ್ರತೆಯಲ್ಲಿಯೂ ಇದೇ ಬಗೆಯ ಅಂತರ ಕಂಡಿತು. ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ಪಥ್ಯದ ಗುಂಪು ಶೇಕಡಾ 12ರಷ್ಟು ಸುಧಾರಿಸಿದರೆ, ಎರಡನ್ನೂ ಮಾಡಿದ ಗುಂಪು ಶೇಕಡಾ 21ರಷ್ಟು ಸುಧಾರಿಸಿತು.

ನಮ್ಮಲ್ಲಿಗೆ ಬಂದ ನಿವೃತ್ತ ಶಿಕ್ಷಕರೊಬ್ಬರ ಸ್ಥಿತಿ ಇದಕ್ಕೆ ಉದಾಹರಣೆಯಾಗಬಲ್ಲದು. ವಯಸ್ಸು 63. ಹದಿನಾಲ್ಕು ತಿಂಗಳಲ್ಲಿ 104 ಕಿಲೋದಿಂದ 78 ಕಿಲೋಗೆ ಇಳಿದಿದ್ದರು. ರಕ್ತದ ಸಕ್ಕರೆ ಹತೋಟಿಗೆ ಬಂದಿತ್ತು, ಮಂಡಿನೋವು ತಗ್ಗಿತ್ತು. ಆದರೆ ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತರೆ ಏಳಲು ಪಕ್ಕದವರ ಭುಜ ಬೇಕಾಗುತ್ತಿತ್ತು. ಒಮ್ಮೆ ಬಚ್ಚಲಿನಲ್ಲಿ ಜಾರಿ, ಕೈಯೂರಿ ಬಿದ್ದು ಮಣಿಕಟ್ಟು ಬಿರುಕುಬಿಟ್ಟಿತ್ತು. ಇಷ್ಟಾದರೂ ಅವರು ಕೇಳಿದ್ದು "70 ಕಿಲೋಗೆ ಇಳಿಯಲು ಏನು ಮಾಡಬೇಕು?" ಎಂಬುದನ್ನು. 104 ಕಿಲೋ ಇದ್ದಾಗ ಅವರ ಕಾಲುಗಳು ಆ ಭಾರವನ್ನು ಹೊತ್ತು ಹೊತ್ತು ಒಂದು ಬಗೆಯ ವ್ಯಾಯಾಮವನ್ನು ದಿನವಿಡೀ ಮಾಡುತ್ತಿದ್ದವು. ಭಾರ ಇಳಿಯಿತು, ಕಾಲುಗಳಿಗೆ ಬೇರೆ ಕೆಲಸವನ್ನು ಯಾರೂ ಕೊಡಲಿಲ್ಲ. ಅವರಿಗೆ ಬೇಕಾಗಿದ್ದುದು ಇನ್ನೂ ಎಂಟು ಕಿಲೋದ ಇಳಿತವಲ್ಲ, ನೆಲದಿಂದ ಸ್ವತಂತ್ರವಾಗಿ ಏಳುವ ಶಕ್ತಿ.

ದೇಹವು ಹಳೆಯ ತೂಕವನ್ನು ಮರೆಯದು

ಹೊಸ ಗುರಿ ಬೇಕೆನ್ನಲು ಇನ್ನೊಂದು ಕಾರಣವಿದೆ. ದೇಹವು ತನ್ನ ಹಳೆಯ ತೂಕವನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ತೂಕ ಇಳಿದಾಗ ಮೇದಸ್ಸಿನ ಕೋಶಗಳು ಬರಿದಾಗಿ ಕಿರಿದಾಗುತ್ತವೆ. ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲವೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ಸಂಶೋಧನೆ ತೋರಿಸಿತು. ಬರಿದಾದ ಕಣಜಗಳು ಮತ್ತೆ ತುಂಬಲು ಕಾದು ನಿಂತಂತೆ ಅವು ಉಳಿದಿರುತ್ತವೆ.

ಅಮೆರಿಕದ ದೂರದರ್ಶನದಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಪ್ರಸಿದ್ಧವಾಗಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡವು ಆರು ವರ್ಷಗಳ ಅನಂತರ ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ನೀಡಿತು. ಸರಾಸರಿ 58 ಕಿಲೋ ಇಳಿಸಿದ್ದ ಅವರು ಸುಮಾರು 41 ಕಿಲೋವನ್ನು ಮರಳಿ ಪಡೆದಿದ್ದರು. ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿಯು ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. ಇಳಿದ ತೂಕವನ್ನು ಹೆಚ್ಚಾಗಿ ಉಳಿಸಿಕೊಂಡವರು ದಿನನಿತ್ಯದ ಚಟುವಟಿಕೆಯನ್ನು ಹೆಚ್ಚಿಸಿಕೊಂಡವರೇ ಎಂಬುದು ಮುಂದಿನ ವಿಶ್ಲೇಷಣೆಯಿಂದ ತಿಳಿದುಬಂತು. ಸೆಮಗ್ಲುಟೈಡ್ ಎಂಬ ಚುಚ್ಚುಮದ್ದಿನ ಪ್ರಯೋಗದಲ್ಲಿಯೂ, ಔಷಧವನ್ನು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು.

ವಯಸ್ಸಾದವರಲ್ಲಿ ಈ ಮರಳುವಿಕೆ ಇನ್ನೂ ಹಾನಿಕರ. ಹೋಗುವಾಗ ಕೊಬ್ಬು, ಮಾಂಸ ಎರಡೂ ಹೋಗುತ್ತವೆ. ಬರುವಾಗ ಬಹುಪಾಲು ಕೊಬ್ಬೇ ಬರುತ್ತದೆ. ಒಮ್ಮೆ ಇಳಿದು ಮತ್ತೆ ಏರಿದವರು ಹಿಂದಿನ ತೂಕಕ್ಕೇ ಮರಳಿದರೂ ಹಿಂದಿನ ಬಲಕ್ಕೆ ಮರಳುವುದಿಲ್ಲ. ಆದುದರಿಂದ ಬಲದ ಸಾಧನೆಯು ತೂಕವನ್ನು ಕಾಯುವ ಬೇಲಿಯೂ ಹೌದು.

ವೃದ್ಧರಿಗೆ ವ್ಯಾಯಾಮ ನಿಷಿದ್ಧವೇ?

ಶಾಸ್ತ್ರ ಬಲ್ಲ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಾಗ್ಭಟರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಬಾಲರು, ವೃದ್ಧರು, ಅಜೀರ್ಣವುಳ್ಳವರು ವ್ಯಾಯಾಮವನ್ನು ಬಿಡಬೇಕೆಂದಿದ್ದಾರಲ್ಲವೇ? ಹೌದು, ಹಾಗೆ ಹೇಳಿದ್ದಾರೆ. ಅಲ್ಲಿ ಉದ್ದೇಶಿಸಿರುವುದು ಶರೀರಕ್ಕೆ ಆಯಾಸವನ್ನುಂಟುಮಾಡುವ ಮಲ್ಲವ್ಯಾಯಾಮದಂಥ ಶ್ರಮವನ್ನೆಂದು ನಾವು ತಿಳಿಯುತ್ತೇವೆ. ಸುಶ್ರುತರು ವ್ಯಾಯಾಮಶೀಲನನ್ನು ಮುಪ್ಪು ಹಠಾತ್ತನೆ ಆಕ್ರಮಿಸಲಾರದೆಂದು ಹೇಳಿ, ದೇಹವನ್ನು ಹೆಚ್ಚು ಪೀಡಿಸದ ನಡಿಗೆಯು ಆಯುಷ್ಯ, ಬಲ, ಮೇಧೆ, ಅಗ್ನಿಗಳನ್ನು ಕೊಡುವುದೆಂದು ಹೊಗಳಿದ್ದಾರೆ. ಎರಡನ್ನೂ ಕೂಡಿಸಿ ಓದಿದರೆ, ಪೀಡಿಸುವ ಶ್ರಮ ವರ್ಜ್ಯ, ಪೀಡಿಸದ ಅಭ್ಯಾಸ ಗ್ರಾಹ್ಯ ಎಂಬ ಅರ್ಥವೇ ಹೊರಡುತ್ತದೆ.

ಅದರ ಮಿತಿಯನ್ನು ತಿಳಿಯುವ ಉಪಾಯವೂ ಶಾಸ್ತ್ರದಲ್ಲಿದೆ. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕು. ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಅದಕ್ಕಿಂತ ಕಡಿಮೆ ಸಾಕು. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು ಎಂಬ ಇಂದಿನ ಸರಳ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ ಮಿತಿಯನ್ನು ತೋರಿಸುತ್ತದೆ.

ವಯಸ್ಸು ಮೀರಿತೆಂಬ ನಿರಾಶೆಗೂ ಕಾರಣವಿಲ್ಲ. 1990ರಲ್ಲಿ ಬಾಸ್ಟನ್ ನಗರದ ಆರೈಕೆ ಕೇಂದ್ರವೊಂದರಲ್ಲಿದ್ದ, 86ರಿಂದ 96 ವಯಸ್ಸಿನ ಹತ್ತು ಮಂದಿ ಅಶಕ್ತ ವೃದ್ಧರಿಗೆ ಎಂಟು ವಾರ ಕಾಲ ಮೇಲ್ವಿಚಾರಣೆಯಲ್ಲಿ ತೊಡೆಯ ಸ್ನಾಯುಗಳಿಗೆ ಭಾರ ಎತ್ತುವ ಅಭ್ಯಾಸ ಮಾಡಿಸಲಾಯಿತು. ಅಭ್ಯಾಸವನ್ನು ಪೂರೈಸಿದವರ ಸ್ನಾಯುಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಸಾಧ್ಯವಾದುದು ಅರವತ್ತರಲ್ಲಿ ಅಸಾಧ್ಯವೆನ್ನಲಾಗದು.

ನಾಲ್ಕು ಹೊಸ ಗುರಿಗಳು

ಒಂದು, ಏಳುವ ಬಲ. ಕೈಹಿಡಿಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಕುಳಿತುಕೊಳ್ಳಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತುಕೊಳ್ಳಬಲ್ಲಿರೆಂದು ಎಣಿಸಿ. 60ರಿಂದ 64 ವರ್ಷದ ಪುರುಷರು 14ಕ್ಕಿಂತ, ಸ್ತ್ರೀಯರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲುಗಳು ದುರ್ಬಲವಾಗಿವೆಯೆಂದು ಅರ್ಥ. 65ರಿಂದ 69ರವರಿಗೆ ಈ ಸಂಖ್ಯೆ ಪುರುಷರಿಗೆ 12, ಸ್ತ್ರೀಯರಿಗೆ 11. 70ರಿಂದ 74ರವರಿಗೆ ಕ್ರಮವಾಗಿ 12 ಮತ್ತು 10. ಇದನ್ನು ಸಾಧಿಸಿದ ಮೇಲೆ ಮಣೆಯಿಂದ ಏಳುವುದು, ಅನಂತರ ಒಂದು ಕೈಯೂರಿ ನೆಲದಿಂದ ಏಳುವುದು ಮುಂದಿನ ಮೆಟ್ಟಿಲುಗಳು. ನೆಲದ ಮೇಲೆ ಕುಳಿತು ಪೂಜೆ, ಪ್ರಸಾದಗಳನ್ನು ನಡೆಸುವ ಮನೆತನದವರಿಗೆ ಇದಕ್ಕಿಂತ ಪ್ರಯೋಜನಕರವಾದ ಗುರಿಯಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆ ಆಗಿರುವವರು ಮಾತ್ರ ಕುರ್ಚಿಯ ಅಭ್ಯಾಸದಲ್ಲಿಯೇ ನಿಲ್ಲತಕ್ಕದ್ದು.

ಎರಡು, ನಡಿಗೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಿರಿಯರಿಗೂ ಇದೇ ಪ್ರಮಾಣ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಕನಿಷ್ಠ ಮಿತಿಯನ್ನು ಮುಟ್ಟಿದಂತಾಗುತ್ತದೆ. ತೂಕ ಇಳಿಸಿ ಉಳಿಸಿಕೊಂಡವರನ್ನು ಕುರಿತು ಅಮೆರಿಕದಲ್ಲಿ 1994ರಿಂದ ಇಡಲಾಗುತ್ತಿರುವ ದಾಖಲೆಯ ಪ್ರಕಾರ ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಶ್ರಮಪಡುತ್ತಾರೆ. ನಡಿಗೆಯೇ ಅವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಭ್ಯಾಸ. ಆದುದರಿಂದ ಅರ್ಧ ಗಂಟೆಯಿಂದ ಆರಂಭಿಸಿ ನಿಧಾನವಾಗಿ ಒಂದು ಗಂಟೆಯ ಕಡೆಗೆ ಸಾಗುವುದು ಉಚಿತ.

ಮೂರು, ಭಾರ ಹೊರುವ ಶಕ್ತಿ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಪ್ರತಿರೋಧದ ಕೆಲಸ ಬೇಕು. ಇದಕ್ಕೆ ಜಿಮ್ಮಿಗೆ ಹೋಗಲೇಬೇಕೆಂಬುದಿಲ್ಲ. ನಮ್ಮ ಗರಡಿಮನೆಗಳ ದಂಡವನ್ನು ಗೋಡೆಗೆ ಕೈಯೂರಿ ಮಾಡಬಹುದು; ಬೈಠಕ್ಕನ್ನು ಕುರ್ಚಿಯ ಮೇಲೆ ಮಾಡಬಹುದು. ಎರಡು ಕೈಚೀಲಗಳಲ್ಲಿ ಎರಡೆರಡು ಕಿಲೋ ಜೋಳ ತುಂಬಿ, ಬೆನ್ನು ನೆಟ್ಟಗಿಟ್ಟು ಅಂಗಳದಲ್ಲಿ ಹತ್ತು ಸುತ್ತು ನಡೆದರೆ ಮುಷ್ಟಿ, ಭುಜ, ಸೊಂಟ ಮೂರಕ್ಕೂ ಕೆಲಸ ಸಿಗುತ್ತದೆ. ಪ್ರತಿ ಅಭ್ಯಾಸವನ್ನೂ ಎಂಟರಿಂದ ಹನ್ನೆರಡು ಸಲ, ಎರಡು ಆವರ್ತನೆಗಳಲ್ಲಿ ಮಾಡುವುದು ಸಾಕು. ಉಸಿರು ಬಿಗಿಹಿಡಿಯಬಾರದು.

ನಾಲ್ಕು, ಸಮತೋಲನ. ವಾರಕ್ಕೆ ಮೂರು ದಿನ ಇದರ ಅಭ್ಯಾಸ ನಡೆಯಬೇಕು. ಗೋಡೆಯ ಬಳಿ ನಿಂತು, ಬೇಕಾದಾಗ ಹಿಡಿಯುವಂತೆ ಕೈಯನ್ನು ಹತ್ತಿರವಿಟ್ಟುಕೊಂಡು, ಒಂದು ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲುವುದು ಮೊದಲ ಗುರಿ. ಅನಂತರ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಗೆರೆಯ ಮೇಲೆ ನಡೆಯುವುದು. ತೂಕ ಹೆಚ್ಚು ಇಳಿದಾಗ ದೇಹದ ಗುರುತ್ವದ ಕೇಂದ್ರವೇ ಬದಲಾಗುತ್ತದೆ. ಮುಂದೆ ಚಾಚಿದ್ದ ಹೊಟ್ಟೆಗೆ ಸರಿಯಾಗಿ ಹಿಂದಕ್ಕೆ ಬಾಗಿದ್ದ ಬೆನ್ನು ಹೊಸ ನಿಲುವನ್ನು ಕಲಿಯಬೇಕಾಗುತ್ತದೆ. ಅದನ್ನು ಕಲಿಸದಿದ್ದರೆ ಎಡವುವುದು ಸಹಜ.

ಕಾಲು ಕಾಲಾಗಿ ಏರುವ ಕ್ರಮ

ಅಹಿತವನ್ನು ಬಿಡುವುದನ್ನೂ ಹಿತವನ್ನು ಹಿಡಿಯುವುದನ್ನೂ ಒಮ್ಮೆಗೇ ಮಾಡದೆ, ನಾಲ್ಕನೆಯ ಒಂದಂಶದಂತೆ ಹಂತಹಂತವಾಗಿ ಮಾಡಬೇಕೆಂದು ಚರಕರು ವಿಧಿಸಿದ್ದಾರೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ವ್ಯಾಯಾಮದ ಗುರಿಗೂ ಇದು ಚೆನ್ನಾಗಿ ಒಪ್ಪುತ್ತದೆ. ದಿನಕ್ಕೆ 40 ನಿಮಿಷ ನಡೆಯುವುದು ಗುರಿಯಾದರೆ ಮೊದಲ ಎರಡು ವಾರ 10 ನಿಮಿಷ, ಮುಂದಿನ ಎರಡು ವಾರ 20, ಆಮೇಲೆ 30, ಕೊನೆಗೆ 40. ಎರಡು ತಿಂಗಳಲ್ಲಿ ಗುರಿ ಮುಟ್ಟುತ್ತದೆ. ನಡುವೆ ಜ್ವರ ಬಂದರೆ ಅಥವಾ ಪ್ರಯಾಣದಿಂದ ಅಭ್ಯಾಸ ತಪ್ಪಿದರೆ ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಆರಂಭಿಸಬೇಕು; ಮೊದಲಿಗೇ ಹೋಗಬೇಕಾಗಿಲ್ಲ.

ಗುರಿಗೆ ಒಂದು ರೂಪವೂ ಇರಬೇಕು. ಮೇಲೆ ಹೇಳಿದ ಶಿಕ್ಷಕರಿಗೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಪಾದಯಾತ್ರಿಗಳೊಡನೆ ಒಂದು ದಿನವಾದರೂ ನಡೆಯಬೇಕೆಂಬ ಆಸೆಯಿತ್ತು. 70 ಕಿಲೋ ಎಂಬ ಅಂಕೆಯ ಸ್ಥಾನದಲ್ಲಿ ಅದನ್ನೇ ಗುರಿಯಾಗಿಡಲು ಸೂಚಿಸಿದೆವು. ಆರಂಭದಲ್ಲಿ ಅವರು 30 ಸೆಕೆಂಡುಗಳಲ್ಲಿ 8 ಸಲ ಮಾತ್ರ ಎದ್ದರು. ಮೂರು ತಿಂಗಳು ಕಳೆದಾಗ ತೂಕ 78ರಿಂದ 79ಕ್ಕೆ ಏರಿತ್ತು. ಆ ಒಂದು ಕಿಲೋ ಅವರನ್ನು ಎಷ್ಟು ಕಂಗೆಡಿಸಿತೆಂದರೆ, ಅಭ್ಯಾಸವನ್ನೇ ಬಿಡುವ ಯೋಚನೆಯಲ್ಲಿದ್ದರು. ಸೊಂಟದ ಸುತ್ತಳತೆ ತೆಗೆದಾಗ ಅದು ಮೂರು ಸೆಂಟಿಮೀಟರು ಇಳಿದಿತ್ತು, ಏಳುವ ಎಣಿಕೆ 11ಕ್ಕೆ ಬಂದಿತ್ತು. ಏರಿದುದು ಕೊಬ್ಬಲ್ಲವೆಂದು ಅವರಿಗೆ ಅಂಕೆಗಳೇ ತಿಳಿಸಿದವು. ಆರನೆಯ ತಿಂಗಳಲ್ಲಿ ಎಣಿಕೆ 14 ಆಯಿತು. ಆ ವರ್ಷದ ಪಾದಯಾತ್ರೆಯ ಮೊದಲ ದಿನವನ್ನು ಅವರು ನಡೆದೇ ಮುಗಿಸಿ, ಸಂಜೆ ಬಸ್ಸಿನಲ್ಲಿ ಊರಿಗೆ ಮರಳಿದರು.

ಇನ್ನೊಬ್ಬ ತಾಯಿಯವರಿಗೆ 66 ವರ್ಷ. 21 ಕಿಲೋ ಇಳಿಸಿ, ನಿಯಮ ಬಿಟ್ಟ ಎಂಟು ತಿಂಗಳಲ್ಲಿ 9 ಕಿಲೋ ಮರಳಿ ಪಡೆದಿದ್ದರು. ಅವರ ದುಃಖ ತೂಕದ್ದಷ್ಟೇ ಆಗಿರಲಿಲ್ಲ. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ತೋಳು ಸೋಲುತ್ತಿತ್ತು. ಜಾತ್ರೆಯ ದಿನಗಳಲ್ಲಿ ದಾಸೋಹದ ಅಡುಗೆಮನೆಯಲ್ಲಿ ಎರಡು ಗಂಟೆ ನಿಂತು ರೊಟ್ಟಿ ಬಡಿಯಬೇಕೆಂಬುದೇ ಅವರು ಆರಿಸಿಕೊಂಡ ಗುರಿ. ಗೋಡೆಯ ದಂಡ, ಚೀಲದ ನಡಿಗೆ, ಸಂಜೆಯ ವಾಯುವಿಹಾರ ಇಷ್ಟೇ ಅವರ ಅಭ್ಯಾಸ. ವರ್ಷ ತುಂಬುವಷ್ಟರಲ್ಲಿ ಮರಳಿದ ಒಂಬತ್ತರಲ್ಲಿ ನಾಲ್ಕು ಕಿಲೋ ಮತ್ತೆ ಇಳಿದಿತ್ತು. ಅದಕ್ಕಾಗಿ ಅವರು ಪ್ರತ್ಯೇಕವಾಗಿ ಉಪವಾಸ ಮಾಡಿದವರಲ್ಲ.

ಆಹಾರ ಮತ್ತು ಉಪಚಾರ ಬದಲಾಗಬೇಕು

ಸ್ಥೌಲ್ಯದ ಚಿಕಿತ್ಸೆಯಲ್ಲಿ ಲೇಖನ, ಅಂದರೆ ಕೆರೆದು ತೆಗೆಯುವ ಉಪಾಯಗಳು ಪ್ರಧಾನ. ಜೇನುನೀರು, ರೂಕ್ಷ ಆಹಾರ, ಹುರುಳಿಹಿಟ್ಟಿನ ಉದ್ವರ್ತನ, ಕೆಲವು ಗುಗ್ಗುಲು ಕಲ್ಪಗಳು ಈ ವರ್ಗದವು. ತೂಕ ಸಮಸ್ಥಿತಿಗೆ ಬಂದ ಮೇಲೂ ಇವನ್ನು ಮುಂದುವರಿಸುವವರನ್ನು ನಾವು ಕಾಣುತ್ತೇವೆ. ಇದು ಸಲ್ಲದು. ವಾತವು ಸಹಜವಾಗಿಯೇ ಬಲಿಯುವ ವಯಸ್ಸಿನಲ್ಲಿ ರೂಕ್ಷತೆಯನ್ನು ಬೆಳೆಸಿದರೆ ಸಂಧಿಶೂಲ, ನಿದ್ರಾನಾಶ, ಮಲಬದ್ಧತೆಗಳು ಬರುತ್ತವೆ. ಉದ್ವರ್ತನದ ಸ್ಥಾನದಲ್ಲಿ ಈಗ ಎಳ್ಳೆಣ್ಣೆಯ ಅಭ್ಯಂಗ ಬರಬೇಕು. ಲೇಖನ ಔಷಧಗಳನ್ನು ವೈದ್ಯರ ಸಲಹೆಯಂತೆ ನಿಲ್ಲಿಸಬೇಕು.

ಮಾಂಸಧಾತುವಿನ ನಿರ್ಮಾಣಕ್ಕೆ ಪ್ರೋಟೀನ್ ಅವಶ್ಯ. ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಬೇಕು. 65 ಕಿಲೋ ತೂಕದವರಿಗೆ 65 ಗ್ರಾಂ. ಸಸ್ಯಾಹಾರದಲ್ಲಿ ಇದು ಅಸಾಧ್ಯವೆಂಬುದು ತಪ್ಪು ಕಲ್ಪನೆ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ, 75 ಗ್ರಾಂ ತೊಗರಿಬೇಳೆಯಲ್ಲಿ 16, ಹಾಲು ಮೊಸರು ಸೇರಿ ಅರ್ಧ ಲೀಟರಿನಲ್ಲಿ 16, 30 ಗ್ರಾಂ ಶೇಂಗಾದಲ್ಲಿ 7, ಒಂದು ಹಿಡಿ ಹೆಸರಿನ ಮೊಳಕೆಯಲ್ಲಿ 6 ಗ್ರಾಂ ದೊರೆಯುತ್ತದೆ. ಕೂಡಿದರೆ 65. ಇದನ್ನು ಒಂದೇ ಊಟಕ್ಕೆ ತುಂಬದೆ ಮೂರು ಹೊತ್ತಿಗೂ ಹಂಚಬೇಕು. ಬೆಳಗಿನ ಅವಲಕ್ಕಿ, ಉಪ್ಪಿಟ್ಟುಗಳ ಜೊತೆಗೆ ಮೊಳಕೆಕಾಳನ್ನೋ ಮೊಸರನ್ನೋ ಕೂಡಿಸಿಕೊಳ್ಳುವುದು ಒಳ್ಳೆಯದು. ಮೂತ್ರಪಿಂಡದ ರೋಗವಿರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸತಕ್ಕದ್ದು. ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರು ಬಿ12, ಕಬ್ಬಿಣ, ಕ್ಯಾಲ್ಸಿಯಂ ಪೂರಕಗಳನ್ನು ತಾವಾಗಿಯೇ ನಿಲ್ಲಿಸಬಾರದು.

ತಪ್ಪದೆ ಗಮನಿಸಬೇಕಾದ ಸಂಗತಿಗಳು

ಹೆಚ್ಚು ತೂಕವಿದ್ದಾಗ ನಿಗದಿಯಾದ ಬಿಪಿ, ಸಕ್ಕರೆ ಕಾಯಿಲೆಗಳ ಮಾತ್ರೆಗಳು ತೂಕ ಇಳಿದ ಮೇಲೆ ಅತಿಯಾಗಬಹುದು. ಎದ್ದು ನಿಂತಾಗ ತಲೆ ತಿರುಗುವುದು, ಊಟಕ್ಕೆ ಮುಂಚೆ ಕೈ ನಡುಗಿ ಬೆವರುವುದು ಇದರ ಸೂಚನೆ. ಮಾತ್ರೆಯನ್ನು ತಾವೇ ಬಿಡದೆ, ವೈದ್ಯರಲ್ಲಿಗೆ ಹೋಗಿ ಪ್ರಮಾಣವನ್ನು ಪರಿಷ್ಕರಿಸಿಕೊಳ್ಳಬೇಕು. ಹೊಸ ಅಭ್ಯಾಸವನ್ನು ಆರಂಭಿಸುವ ಮುನ್ನವೇ ಇದಾಗಬೇಕು. ನಡೆಯುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ತೆರಳಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಾಧನೆಯಲ್ಲ, ರೋಗಲಕ್ಷಣ. ಅದರ ಕಾರಣವನ್ನು ಹುಡುಕಿಸಲು ತಡಮಾಡಬಾರದು.

ಮನಸ್ಸಿನ ವಿಷಯವನ್ನೂ ಹೇಳಬೇಕು. ತೂಕ ಇಳಿದವರನ್ನು ಕಂಡೊಡನೆ "ಏಕೆ ಇಷ್ಟು ಸೊರಗಿದಿರಿ, ಏನಾದರೂ ಕಾಯಿಲೆಯೇ?" ಎಂದು ಕೇಳುವುದು ನಮ್ಮ ಜನರ ರೂಢಿ. ಜೋತುಬಿದ್ದ ಚರ್ಮ, ಸಡಿಲವಾದ ಮುಖವನ್ನು ಕನ್ನಡಿಯಲ್ಲಿ ನೋಡಿ ನೊಂದುಕೊಳ್ಳುವವರೂ ಇದ್ದಾರೆ. ಪ್ರತಿ ತುತ್ತಿಗೂ ಹೆದರುವವರು ಮತ್ತೆ ಕೆಲವರು. ಹೆದರಿಕೆಯಿಂದ ನಡೆಸಿದ ನಿಯಮ ಬಹುಕಾಲ ನಿಲ್ಲದು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಕ ನೋಡಿದರೆ ಸಾಕು. ಸೊಂಟದ ಅಳತೆಯೂ ಕೂಡಿ ತೂಕವು ಮೂರು ಕಿಲೋಗಿಂತ ಹೆಚ್ಚು ಏರಿದಾಗ ಮಾತ್ರ ಆಹಾರವನ್ನು ಮರುಪರಿಶೀಲಿಸಬೇಕು. ಮನೆಯವರ ಕರ್ತವ್ಯವೂ ಇಲ್ಲಿದೆ. ಹಿರಿಯರ ಕೈಯಿಂದ ಚೀಲವನ್ನು ಕಸಿದುಕೊಳ್ಳುವುದು, "ನೀವು ಕುಳಿತಿರಿ" ಎಂದು ಎಲ್ಲ ಕೆಲಸವನ್ನೂ ತಾವೇ ಮಾಡುವುದು ಪ್ರೀತಿಯಿಂದಲೇ ಆದರೂ ಹಿತವಲ್ಲ. ಅವರು ಹೊರಬಲ್ಲಷ್ಟನ್ನು ಹೊರಲು ಬಿಡಬೇಕು.

ಕೊನೆಯದಾಗಿ ಓದುಗರಲ್ಲಿ ಒಂದು ಸೂಚನೆ. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಕಾಲಂಗಳನ್ನು ಮಾಡಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಎದ್ದಿರಿ, ದಣಿಯದೆ ಎಷ್ಟು ನಿಮಿಷ ನಡೆದಿರಿ, ಎಷ್ಟು ಕಿಲೋ ಹೊತ್ತು ಹತ್ತು ಸುತ್ತು ಬಂದಿರಿ, ಒಂದು ಕಾಲಿನ ಮೇಲೆ ಎಷ್ಟು ಸೆಕೆಂಡು ನಿಂತಿರಿ ಎಂಬುದನ್ನು ಈ ಅಮಾವಾಸ್ಯೆಯಂದು ಬರೆದಿಡಿ. ಮುಂದಿನ ಅಮಾವಾಸ್ಯೆಯಂದು ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ನಾಲ್ಕರಲ್ಲಿ ಒಂದು ಅಂಕೆ ಏರಿದ್ದರೂ ಅಭ್ಯಾಸ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು. ವೈದ್ಯರಲ್ಲಿಗೆ ಹೋಗುವಾಗ ರಕ್ತಪರೀಕ್ಷೆಯ ವರದಿಯೊಡನೆ ಈ ಪುಸ್ತಕವನ್ನೂ ಒಯ್ಯಿರಿ; ನಿಮ್ಮ ಮುಂದಿನ ಗುರಿಯನ್ನು ನಿಶ್ಚಯಿಸಲು ಅವರಿಗೆ ಅದು ಹೆಚ್ಚು ನೆರವಾಗುವುದು.